ಶ್ರುತಿ ಸೇರದ ಮಗು: ತೊಂದರೆ ಕಿವಿಯದೋ, ಗಂಟಲಿನದೋ, ಮಿದುಳಿನದೋ?

ಪ್ರಶ್ನೆ (ಮಂಡ್ಯದ ಓದುಗರೊಬ್ಬರ ದೀರ್ಘ ಪತ್ರದ ಸಾರ): ಮಗಳಿಗೆ ಹತ್ತು ವರ್ಷ. ಎರಡು ವರ್ಷದಿಂದ ಕರ್ನಾಟಕ ಸಂಗೀತದ ಪಾಠಕ್ಕೆ ಹೋಗುತ್ತಿದ್ದಾಳೆ. ಸರಳೆ ವರಸೆ, ಜಂಟಿ ವರಸೆ ಬಾಯಿಪಾಠವಿದೆ, ತಾಳ ತಪ್ಪುವುದಿಲ್ಲ. ಆದರೆ ತಂಬೂರಿಗೆ ದನಿ ಸೇರುವುದೇ ಇಲ್ಲ. "ಇವಳಿಗೆ ಶ್ರುತಿಜ್ಞಾನವೇ ಇಲ್ಲ, ಸುಮ್ಮನೆ ದುಡ್ಡು ದಂಡ" ಅಂತ ಮೇಷ್ಟ್ರು ಹೇಳಿಬಿಟ್ಟರು. ನಮ್ಮ ಯಜಮಾನರೂ ಹಾಗೇ. ಸಾಹಿತ್ಯ ಕಿವಿಗೆ ಬೀಳದಿದ್ದರೆ ಯಾವ ಹಾಡು ಅಂತ ಅವರಿಗೆ ತಿಳಿಯುವುದಿಲ್ಲ. ಹುಡುಕಿ ನೋಡಿದರೆ ಇದು ಅಮ್ಯೂಸಿಯಾ, ಹುಟ್ಟಿನಿಂದ ಬರುವ ಮಿದುಳಿನ ದೋಷ ಅಂತ ಸಿಕ್ಕಿತು. ಎಂಆರ್‌ಐ ಮಾಡಿಸಬೇಕೇ? ಮುಂದೆ ಓದಿಗೆ ತೊಂದರೆಯಾಗುತ್ತದೆಯೇ? ಔಷಧ ಇದೆಯೇ? ಪಾಠ ಬಿಡಿಸುವುದೇ? ನಾಲ್ಕು ವರ್ಷದ ಮಗನಿಗೂ ಬರುತ್ತದೆಯೇ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಬೇರೆ ಸಂಗತಿಗಳು ಕಲೆತುಹೋಗಿವೆ. ಮಗಳ ದನಿ ಶ್ರುತಿಗೆ ಸೇರುತ್ತಿಲ್ಲ ಎಂಬುದು ಒಂದು. ಸ್ವರಗಳ ವ್ಯತ್ಯಾಸವೇ ಅವಳಿಗೆ ತಿಳಿಯುತ್ತಿಲ್ಲ ಎಂಬುದು ಇನ್ನೊಂದು. ಮೊದಲನೆಯದನ್ನು ಮೇಷ್ಟ್ರು ಕಿವಿಯಾರೆ ಕೇಳಿದ್ದಾರೆ. ಎರಡನೆಯದು ಸದ್ಯಕ್ಕೆ ಊಹೆ. ಅಮ್ಯೂಸಿಯಾ ಎಂಬ ಹೆಸರು ಎರಡನೆಯದಕ್ಕೆ ಮಾತ್ರ ಸಲ್ಲುತ್ತದೆ. ಹಾಡಲು ಬಾರದವರೆಲ್ಲ ಅಮ್ಯೂಸಿಯಾದವರಾಗಿದ್ದರೆ ನಮ್ಮ ಭಜನೆ ಮಂಡಳಿಗಳಲ್ಲಿ ಅರ್ಧ ಜನರನ್ನು ಎಬ್ಬಿಸಿ ಕಳಿಸಬೇಕಾಗುತ್ತಿತ್ತು.

ಅಂಕಿ ಅಂಶವೂ ಇದನ್ನೇ ಹೇಳುತ್ತದೆ. ಕೆನಡಾದಲ್ಲಿ ಎರಡು ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳನ್ನು ಕೇಳಿದಾಗ (ವರದಿ ಬಂದದ್ದು 2005ರಲ್ಲಿ) ಸುಮಾರು ನೂರಕ್ಕೆ 17 ಮಂದಿ ತಮಗೆ ಸ್ವರಜ್ಞಾನ ಇಲ್ಲ ಎಂದುಕೊಂಡಿದ್ದರು. ಹಾಗಂದುಕೊಂಡ ಕೆಲವರನ್ನು ಪರೀಕ್ಷೆಗೆ ಕೂರಿಸಿದರೆ ಹೆಚ್ಚಿನವರ ಗ್ರಹಿಕೆ ಸರಿಯಾಗಿಯೇ ಇತ್ತು. ನಿಜವಾದ ಅಮ್ಯೂಸಿಯಾ ನೂರಕ್ಕೆ ನಾಲ್ಕು ಜನರಲ್ಲಿ ಇದೆ ಎಂಬ ಹಳೆಯ ಅಂದಾಜು ಇನ್ನೂ ಓಡಾಡುತ್ತಿದೆ. 16 ಸಾವಿರಕ್ಕೂ ಹೆಚ್ಚು ಜನರನ್ನು ಪರೀಕ್ಷಿಸಿ 2017ರಲ್ಲಿ ಪ್ರಕಟವಾದ ಅಧ್ಯಯನ ಅದನ್ನು ನೂರಕ್ಕೆ ಒಂದೂವರೆಗೆ ಇಳಿಸಿತು. ಆದರೂ ನಿಮ್ಮ ಯಜಮಾನರ ವಿಷಯ ಬರೆದಿದ್ದೀರಲ್ಲ, ಆ ಒಂದು ಸಾಲಿನಿಂದಾಗಿ ನಿಮ್ಮ ಅನುಮಾನವನ್ನು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಮಾತಿಲ್ಲದ ಮಟ್ಟನ್ನು ಗುರುತಿಸಲಾಗದಿರುವುದು ಅಮ್ಯೂಸಿಯಾದ ಮುಖ್ಯ ಗುರುತು, ಮತ್ತು ಅದು ಮನೆತನಗಳಲ್ಲಿ ಹರಿದು ಬರುತ್ತದೆ.

ಮೊದಲು ಮಿದುಳಿನ ಮಾತು ಮುಗಿಸೋಣ. ನಿಮ್ಮ ನಿದ್ದೆ ಕೆಡಿಸಿರುವುದು ಅದೇ.

ಇದು ಹೊಸ ಕಾಯಿಲೆ ಅಲ್ಲ. ಗ್ರಾಂಟ್ ಅಲೆನ್ ಎಂಬುವರು 1878ರಲ್ಲೇ, ಕಿವಿ ಚೆನ್ನಾಗಿದ್ದೂ ಪಕ್ಕಪಕ್ಕದ ಎರಡು ಸ್ವರ ಬೇರೆ ಎಂದು ಹೇಳಲಾರದ ವಿದ್ಯಾವಂತ ಯುವಕನೊಬ್ಬನ ಬಗ್ಗೆ ಬರೆದಿದ್ದಾರೆ. ವ್ಯವಸ್ಥಿತ ಅಧ್ಯಯನ ಶುರುವಾದದ್ದು ಮಾತ್ರ 2002ರ ಆಸುಪಾಸಿನಲ್ಲಿ, ಮಾಂಟ್ರಿಯಲ್‌ನ ಇಸಬೆಲ್ ಪೆರೆಟ್ಜ್ ಮತ್ತು ಸಂಗಡಿಗರಿಂದ.

ಸದ್ದು ಕಿವಿಯಿಂದ ಹೊರಟು, ಮಿದುಳಿನಲ್ಲಿ ಕಿವಿಯ ಮೇಲ್ಭಾಗಕ್ಕೆ ಬರುವ ಶ್ರವಣ ಕಾರ್ಟೆಕ್ಸನ್ನು (ಸದ್ದನ್ನು ಗ್ರಹಿಸುವ ಹೊರಪದರವನ್ನು) ತಲುಪುತ್ತದೆ. ಎರಡೂ ಪಕ್ಕದಲ್ಲಿ ಇದು ಇದ್ದರೂ ಸ್ವರದ ಸೂಕ್ಷ್ಮ ಲೆಕ್ಕದಲ್ಲಿ ಬಲಗಡೆಯದರ ಪಾಲು ಹೆಚ್ಚು. ಅಲ್ಲಿಂದ ನರತಂತುಗಳ ಕಟ್ಟೊಂದು ಕಮಾನಿನ ಹಾಗೆ ಬಾಗಿ ಮುಂದಕ್ಕೆ, ಹಣೆಯ ಹಿಂದಿರುವ ಇನ್ಫೀರಿಯರ್ ಫ್ರಾಂಟಲ್ ಜೈರಸ್ ಎಂಬ ಮಡಿಕೆಗೆ ಹೋಗುತ್ತದೆ. ಈಗ ಕೇಳಿದ ಸ್ವರವನ್ನು ಕ್ಷಣಕಾಲ ಹಿಡಿದಿಟ್ಟುಕೊಂಡು ಮುಂದಿನದರ ಜೊತೆ ತೂಗಿ ನೋಡುವ ಕೆಲಸದಲ್ಲಿ ಈ ಎರಡು ಜಾಗಗಳು ಸೇರಿ ದುಡಿಯುತ್ತವೆ. ಅಮ್ಯೂಸಿಯಾ ಇರುವವರಲ್ಲಿ ವ್ಯತ್ಯಾಸ ಕಂಡಿರುವುದು ಹೆಚ್ಚಾಗಿ ಈ ದಾರಿಯಲ್ಲೇ. 2006ರ ಅಧ್ಯಯನದಲ್ಲಿ ಬಲಗಡೆಯ ಆ ಮಡಿಕೆಯಲ್ಲಿ ತಂತುಗಳ ಭಾಗವಾದ ಬಿಳಿ ದ್ರವ್ಯ ಕಡಿಮೆ ಇತ್ತು. ಮರುವರ್ಷ ಅದೇ ತಂಡ ಅಳೆದಾಗ ಅಲ್ಲಿಯೂ ಬಲ ಶ್ರವಣ ಭಾಗದಲ್ಲಿಯೂ ಕಾರ್ಟೆಕ್ಸಿನ ಪದರ ಇತರರಿಗಿಂತ ದಪ್ಪವಾಗಿತ್ತು. ದಪ್ಪ ಎಂದರೆ ಒಳ್ಳೆಯದು ಎಂದುಕೊಳ್ಳಬೇಡಿ. ಗರ್ಭದಲ್ಲಿ ನರಕೋಶಗಳು ತಮ್ಮ ತಮ್ಮ ಜಾಗಕ್ಕೆ ಸರಿಯುವ ಹಂತದಲ್ಲಿ ಜೋಡಣೆ ಸ್ವಲ್ಪ ಬೇರೆಯಾಗಿರಬಹುದು ಎಂಬುದು ಸಂಶೋಧಕರ ಊಹೆ. ಅಂದರೆ ಏಟು ಬಿದ್ದದ್ದಲ್ಲ, ಯಾವುದೂ ಸವೆದದ್ದಲ್ಲ.

ಅದಕ್ಕಿಂತ ಕುತೂಹಲದ ವಿಷಯ ಕೆಲಸದ ರೀತಿಯದು. 2009ರಲ್ಲಿ ತಲೆಗೆ ಇಇಜಿ (ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ಪರೀಕ್ಷೆ) ತಂತಿ ಹಚ್ಚಿ ಮಟ್ಟುಗಳನ್ನು ಕೇಳಿಸಿದರು. ಮಟ್ಟಿನ ನಡುವೆ ಒಂದು ಸ್ವರವನ್ನು ಪಕ್ಕದ ಮನೆಗೆ (ಹಾರ್ಮೋನಿಯಂ, ಕೀಬೋರ್ಡಿನ ಒಂದೊಂದು ಕೀಲಿಗೂ ಮನೆ ಎನ್ನುತ್ತಾರೆ) ಹೋಗುವ ದೂರದ ಅರ್ಧದಷ್ಟೇ ಸರಿಸಿದ್ದರು. ಅಮ್ಯೂಸಿಯಾ ಇದ್ದವರ ಮಿದುಳು ಆ ಅಪಸ್ವರಕ್ಕೆ ಆರಂಭದ ಪ್ರತಿಕ್ರಿಯೆ ಕೊಟ್ಟಿತು. ಕೇಳಿದರೆ ಮಾತ್ರ "ಏನೂ ತಪ್ಪಿಲ್ಲ" ಎಂದರು. ಅರಿವಿಗೆ ಬಂದಾಗ ಕಾಣಬೇಕಾದ ತಡವಾದ ಅಲೆ ಅವರಲ್ಲಿ ಇರಲಿಲ್ಲ. ಕಾಗದ ಅಂಚೆ ಪೆಟ್ಟಿಗೆಗೆ ಬಂದು ಬಿದ್ದಿದೆ, ಮನೆಯವರ ಕೈಗೆ ತಲುಪಿಲ್ಲ. 2011ರ ಸ್ಕ್ಯಾನಿಂಗ್ ಅಧ್ಯಯನವೂ ಇದಕ್ಕೆ ಹೊಂದುತ್ತದೆ: ಸ್ವರದ ಅಂತರ ಹೆಚ್ಚಿದಂತೆ ಶ್ರವಣ ಭಾಗ ಸರಿಯಾಗಿಯೇ ಚುರುಕಾಯಿತು, ಮುಂಭಾಗದ ಮಡಿಕೆ ಮಾತ್ರ ಇತರರಂತೆ ಕೆಲಸಕ್ಕೆ ಇಳಿಯಲಿಲ್ಲ, ಎರಡರ ನಡುವಿನ ಒಡನಾಟವೂ ಸಡಿಲವಿತ್ತು. ಹಾಗೆಂದು ಶ್ರವಣ ಭಾಗ ಪೂರ್ತಿ ನಿರ್ದೋಷಿ ಎನ್ನುವಂತಿಲ್ಲ. ಸ್ವರವನ್ನು ನೆನಪಿಟ್ಟುಕೊಳ್ಳಬೇಕಾದ ಕೆಲಸದಲ್ಲಿ ಅಲ್ಲಿಂದಲೇ ಪ್ರತಿಕ್ರಿಯೆ ತಡವಾಗಿ, ದುರ್ಬಲವಾಗಿ ಹೊರಡುತ್ತದೆ ಎಂದು 2013ರಲ್ಲಿ ಕಂಡಿದೆ.

ಇನ್ನು ಎಂಆರ್‌ಐ. ಬೇಡ. ಮೇಲೆ ಹೇಳಿದ್ದೆಲ್ಲ ಒಂದು ಗುಂಪಿನ ಸರಾಸರಿಯನ್ನು ಇನ್ನೊಂದು ಗುಂಪಿನ ಸರಾಸರಿಯ ಪಕ್ಕದಲ್ಲಿಟ್ಟಾಗ ಕಂಡ ತೆಳು ವ್ಯತ್ಯಾಸ. ಒಬ್ಬ ಹುಡುಗಿಯ ಫಿಲ್ಮ್ ನೋಡಿ ಯಾವ ರೇಡಿಯಾಲಜಿಸ್ಟೂ ಇದನ್ನು ಹೇಳಲಾರರು. ವರದಿಯಲ್ಲಿ "ನಾರ್ಮಲ್" ಎಂದೇ ಬರುತ್ತದೆ. ಸಂಶೋಧಕರ ನಡುವೆಯೇ ಒಮ್ಮತವಿಲ್ಲ. 2007ರಲ್ಲಿ ಇನ್ನೊಂದು ತಂಡ ವ್ಯತ್ಯಾಸ ಎಡಗಡೆ ಇದೆ ಎಂದಿತು. ಬಲಗಡೆಯ ಕಮಾನು ತಂತುವಿನ ಒಂದು ಕವಲು ಕಾಣಿಸುವುದೇ ಇಲ್ಲ ಎಂದು 2009ರಲ್ಲಿ ಬಂದ ವರದಿ ದೊಡ್ಡ ಸುದ್ದಿಯಾಯಿತು. ಆ ತಂತು ಕಾಣುವುದೋ ಬಿಡುವುದೋ ಲೆಕ್ಕ ಹಾಕುವ ಕಂಪ್ಯೂಟರ್ ವಿಧಾನವನ್ನು ಅವಲಂಬಿಸಿದೆ ಎಂದು 2015ರಲ್ಲಿ ಗೊತ್ತಾಯಿತು. ಇಷ್ಟು ಅಲುಗಾಡುವ ಸಂಗತಿಗಾಗಿ ಹತ್ತು ವರ್ಷದ ಮಗುವನ್ನು ಗದ್ದಲದ ಯಂತ್ರದೊಳಗೆ ಅಲುಗಾಡದಂತೆ ಮಲಗಿಸುವುದು ನನಗೆ ಸರಿ ಕಾಣುವುದಿಲ್ಲ. ಫಿಟ್ಸ್, ಬಿಡದ ತಲೆನೋವು, ಇದ್ದಕ್ಕಿದ್ದಂತೆ ಕೇಳಿಸದಾಗುವುದು ಇದ್ದರೆ ವೈದ್ಯರು ಸ್ಕ್ಯಾನ್ ಬರೆಯುತ್ತಾರೆ. ಆ ಕಾರಣ ಬೇರೆ.

ಔಷಧವೂ ಇಲ್ಲ. ಮಿದುಳಿಗೆ ಬಲ, ಜ್ಞಾಪಕಶಕ್ತಿಗೆ ಲೇಹ್ಯ ಎಂದು ಮಾರುವ ಸಿರಪ್ಪುಗಳಿಗೆ ಇದರಲ್ಲಿ ಯಾವ ಪಾತ್ರವೂ ಇಲ್ಲ. ಆ ದುಡ್ಡಿನಲ್ಲಿ ಒಂದು ಚಿಕ್ಕ ಕೀಬೋರ್ಡು ಕೊಳ್ಳಿ. ಮುಂದಿನ ಪರೀಕ್ಷೆಗೆ ಅದು ಬೇಕು.

ಆದರೆ ಅದಕ್ಕೂ ಮೊದಲು ಕಿವಿ. ಮಧ್ಯಕಿವಿಯಲ್ಲಿ ದ್ರವ ಕಟ್ಟಿಕೊಳ್ಳುವುದು ಮಕ್ಕಳಲ್ಲಿ ಬಹಳ ಸಾಮಾನ್ಯ. ನೆಗಡಿಯ ನಂತರ ವಾರಗಟ್ಟಲೆ ಉಳಿಯಬಹುದು, ನೋವೇ ಇರದೆ ಇರಬಹುದು. ಎದುರು ಕೂತು ಮಾತಾಡಿದರೆ ಕೇಳಿಸುತ್ತದೆ. ಹತ್ತು ಮಕ್ಕಳು ಒಟ್ಟಿಗೆ ಹಾಡುವ ಕೋಣೆಯಲ್ಲಿ ತಂಬೂರಿಯೂ ತನ್ನ ದನಿಯೂ ಮಸುಕಾಗುತ್ತವೆ. ಮಂಡ್ಯದಲ್ಲೇ ಇಎನ್‌ಟಿ ವೈದ್ಯರ ಬಳಿ ಹೋಗಿ ಗುಗ್ಗೆ ತೆಗೆಸಿ, ಎರಡೂ ಕಿವಿಯ ಆಡಿಯೋಗ್ರಾಂ ಮತ್ತು ಟಿಂಪನೋಮೆಟ್ರಿ ಮಾಡಿಸಿ. ಎರಡನೆಯದು ಮಧ್ಯಕಿವಿಯ ಪರೀಕ್ಷೆ, ನಿಮಿಷಗಳ ಕೆಲಸ. ಇನ್ನೂ ವಿವರವಾಗಿ ಬೇಕೆಂದರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಒಂದು ಎಚ್ಚರಿಕೆ: ಅಮ್ಯೂಸಿಯಾ ಇದ್ದರೂ ಆಡಿಯೋಗ್ರಾಂ ಸರಿಯಾಗಿಯೇ ಬರುತ್ತದೆ. ಅದು ಎಷ್ಟು ಮೆಲ್ಲಗಿನ ಸದ್ದು ಕೇಳಿಸುತ್ತದೆ ಎಂದು ಅಳೆಯುತ್ತದೆಯೇ ಹೊರತು ಎರಡು ಸ್ವರಗಳ ಅಂತರವನ್ನಲ್ಲ. ವರದಿ ಸರಿಯಿದೆ ಎಂದ ಮಾತ್ರಕ್ಕೆ ವಿಚಾರ ಮುಗಿಯಲಿಲ್ಲ.

ಕಿವಿ ಸರಿಯಿದ್ದರೆ ಮನೆಯಲ್ಲೇ ಒಂದು ಭಾನುವಾರ ಬೆಳಿಗ್ಗೆ ಕೂತು ನೋಡಬಹುದು. ಇದು ರೋಗನಿರ್ಣಯ ಅಲ್ಲ, ಯಾವ ಕಡೆ ತಿರುಗಬೇಕು ಎಂದು ತಿಳಿಯಲು. ಮೊಬೈಲಿನ ಪುಟ್ಟ ಸ್ಪೀಕರ್ ಕೆಳಗಿನ ಸ್ವರಗಳನ್ನು ತಿಂದುಬಿಡುತ್ತದೆ, ಆದ್ದರಿಂದ ಕೀಬೋರ್ಡು ಅಥವಾ ಹಾರ್ಮೋನಿಯಂ ಇರಲಿ. ಐದನೇ ಮನೆಯ ಶ್ರುತಿಯಲ್ಲಿ ಷಡ್ಜ (ಸ) ಸುಮಾರು 196 ಹರ್ಟ್ಸ್. ಪಕ್ಕದ ಕಪ್ಪು ಮನೆ, ಅಂದರೆ ಶುದ್ಧ ರಿಷಭ (ರಿ), ಸುಮಾರು 208. ಮಾಯಾಮಾಳವಗೌಳ ರಾಗದಲ್ಲಿ ಸರಳೆ ವರಸೆ ಶುರುಮಾಡುವ ಮಗು ಮೊದಲ ಹೆಜ್ಜೆಯಲ್ಲೇ ಈ 12 ಹರ್ಟ್ಸಿನ ಅಂತರ ಹಿಡಿಯಬೇಕು. ಸಾಮಾನ್ಯ ಕಿವಿ ಇದರ ಕಾಲುಭಾಗವನ್ನೂ ಗುರುತಿಸುತ್ತದೆ. ಅಮ್ಯೂಸಿಯಾದವರು ಎಡವುವುದು ಇಲ್ಲೇ, ಒಂದು ಮನೆ ಮತ್ತು ಅದಕ್ಕಿಂತ ಕಡಿಮೆ ಅಂತರಗಳಲ್ಲಿ.

ಮೊದಲು ಷಡ್ಜ ಮತ್ತು ಪಂಚಮ (ಪ) ಒತ್ತಿ, "ಎರಡೂ ಒಂದೇನಾ, ಬೇರೇನಾ?" ಎಂದು ಕೇಳಿ. ಹತ್ತು ಸಲ, ನಡುನಡುವೆ ಷಡ್ಜವನ್ನೇ ಎರಡು ಸಲ ಒತ್ತುತ್ತ. ಮನೆಗಳನ್ನು ಮಗು ನೋಡಬಾರದು. "ಯಾವುದು ಮೇಲೆ" ಎಂದು ಆರಂಭದಲ್ಲೇ ಕೇಳಬೇಡಿ. ಮಕ್ಕಳು ಗಟ್ಟಿಯಾಗಿ ಕೇಳಿದ್ದನ್ನು ಮೇಲೆ ಎಂದುಬಿಡುತ್ತಾರೆ. ಆಮೇಲೆ ಪಂಚಮದ ಬದಲು ಷಡ್ಜಕ್ಕೆ ಹತ್ತಿರದ ಸ್ವರಗಳನ್ನು ಒತ್ತುತ್ತ ಬನ್ನಿ: ಅಂತರ ಗಾಂಧಾರ, ಚತುಶ್ರುತಿ ರಿಷಭ, ಕೊನೆಗೆ ಶುದ್ಧ ರಿಷಭ. ಹತ್ತಕ್ಕೆ ಐದು ಕುರುಡು ಊಹೆಗೂ ಬರುತ್ತದೆ, ಒಂಬತ್ತೋ ಹತ್ತೋ ಬಂದರೆ ನಿಜಕ್ಕೂ ತಿಳಿಯುತ್ತಿದೆ ಎಂದರ್ಥ. ಬೇಸರವಾದರೆ ನಿಲ್ಲಿಸಿ ಇನ್ನೊಂದು ದಿನ ಮಾಡಿ. ಗಮನ ತಪ್ಪಿದ ಮಗುವಿನ ಅಂಕವೂ ಐದೇ ಬರುತ್ತದೆ.

ಇದರಲ್ಲಿ ಗೆದ್ದರೂ ಮುಗಿಯುವುದಿಲ್ಲ. ಕೆಲವರಿಗೆ ಎರಡು ಸ್ವರದ ಅಂತರ ತಿಳಿಯುತ್ತದೆ, ನೆನಪಿನಲ್ಲಿ ನಿಲ್ಲುವುದಿಲ್ಲ. ಆದ್ದರಿಂದ ನಾಲ್ಕು ಸ್ವರಗಳ ಒಂದು ತುಣುಕು ನುಡಿಸಿ, ಐದು ಸೆಕೆಂಡು ಸುಮ್ಮನಿದ್ದು, ಒಂದು ಸ್ವರ ಬದಲಿಸಿ ಮತ್ತೆ ನುಡಿಸಿ. ಬಿಡುವಿಲ್ಲದೆ ನುಡಿಸಿದಾಗ ಗುರುತಿಸಿ, ಬಿಡುವು ಕೊಟ್ಟಾಗ ಪದೇ ಪದೇ ತಪ್ಪಿದರೆ ಬರೆದಿಟ್ಟುಕೊಳ್ಳಿ. ನಂತರ ಅವಳಿಗೆ ಚೆನ್ನಾಗಿ ಗೊತ್ತಿರುವ ರಾಷ್ಟ್ರಗೀತೆಯ ಮೊದಲ ಸಾಲನ್ನು ಸಾಹಿತ್ಯವಿಲ್ಲದೆ ನುಡಿಸಿ, ನಡುವೆ ಒಂದು ಸ್ವರವನ್ನು ಬೇಕೆಂದೇ ಪಕ್ಕದ ಮನೆಗೆ ತಳ್ಳಿ. ಸಂಗೀತ ಕಲಿಯದ ಮಕ್ಕಳೂ ಇಲ್ಲಿ ಮುಖ ಕಿವುಚುತ್ತಾರೆ. ಸಾಲಿನ ಲಯ ಕೇಳಿಯೇ ಹಾಡು ಗುರುತಿಸಬಹುದಾದ್ದರಿಂದ ನೀವು ನೋಡಬೇಕಾದದ್ದು ಆ ತಪ್ಪು ಸ್ವರ ಅವಳಿಗೆ ಕಾಡಿತೇ ಎಂಬುದನ್ನು. ಇದೇ ಆಟಕ್ಕೆ ನಿಮ್ಮ ಯಜಮಾನರನ್ನೂ ಕೂರಿಸಿ.

ಕೊನೆಯದು ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಉಪಯುಕ್ತ. ಎಲೆಕ್ಟ್ರಾನಿಕ್ ತಂಬೂರಿಯ ಶ್ರುತಿ ತಿರುಗಣೆಯನ್ನು ಎರಡು ಮೂರು ಮನೆಯಷ್ಟು ಕೆಡಿಸಿ ಅವಳ ಕೈಗೆ ಕೊಡಿ. ಕೀಬೋರ್ಡಿನಲ್ಲಿ ಷಡ್ಜ ಕೇಳಿಸಿ, ನಿಲ್ಲಿಸಿ, ಆಮೇಲೆ ತಂಬೂರಿಯನ್ನು ಅದಕ್ಕೆ ತಂದು ನಿಲ್ಲಿಸಲು ಹೇಳಿ. ಎರಡನ್ನೂ ಒಟ್ಟಿಗೆ ನುಡಿಸಬಾರದು. ಹತ್ತಿರದ ಎರಡು ಸ್ವರ ಒಟ್ಟಿಗೆ ಮೊಳಗಿದಾಗ ಸದ್ದು ವ್ಹಾಂ ವ್ಹಾಂ ಎಂದು ಅದುರುತ್ತದೆ, ಆ ಅದುರನ್ನು ಅಮ್ಯೂಸಿಯಾದವರೂ ಗುರುತಿಸುತ್ತಾರೆ, ಪರೀಕ್ಷೆ ಹಾಳಾಗುತ್ತದೆ. ತಿರುಗಣೆಯಲ್ಲಿ ಸರಿಯಾಗಿ ಸೇರಿಸಿ ದನಿಯಲ್ಲಿ ಮಾತ್ರ ಸೇರದಿದ್ದರೆ ಗ್ರಹಿಕೆ ಸರಿಯಿದೆ, ಕೊರತೆ ಗಂಟಲಿನ ಹಿಡಿತದಲ್ಲಿದೆ. ಅಪಶ್ರುತಿಯಲ್ಲಿ ಹಾಡುವ ಬಹುತೇಕರ ಕಥೆ ಇದೇ, ಮತ್ತು ಇದು ಅಭ್ಯಾಸದಿಂದ ತಿದ್ದುವಂಥದು.

ಹಾಗಿದ್ದರೆ ಪಾಠದ ಶ್ರುತಿಯನ್ನೇ ಮೊದಲು ವಿಚಾರಿಸಿ. ಗಂಡಸು ಮೇಷ್ಟ್ರು ಒಂದನೇ ಮನೆಯಲ್ಲಿ ಹಾಡಿ ತೋರಿಸಿದರೆ, ಅದನ್ನು ಮೇಲಿನ ಸ್ಥಾಯಿಗೆ ಏರಿಸಿಕೊಳ್ಳುವುದು ಎಲ್ಲ ಮಕ್ಕಳಿಗೂ ತಾನಾಗಿ ಬರುವುದಿಲ್ಲ. ಗುಂಪಿನಲ್ಲಿ ಎಲ್ಲರಿಗೂ ಒಂದೇ ಶ್ರುತಿ ಇಟ್ಟಾಗ ಕೆಲವರ ದನಿ ಮಂದ್ರದಲ್ಲಿ ಹೂತುಹೋಗುತ್ತದೆ, ಕೆಲವರದು ತಾರ ಷಡ್ಜದ ಹತ್ತಿರ ಬಿರಿಯುತ್ತದೆ. ಮಗಳು ಸಲೀಸಾಗಿ ಗುನುಗುವ ಸ್ವರವನ್ನೇ ಷಡ್ಜ ಮಾಡಿಕೊಂಡು, ಕೀಬೋರ್ಡಿನ ಟ್ರಾನ್ಸ್‌ಪೋಸ್ (ಶ್ರುತಿ ಏರಿಸಿ ಇಳಿಸುವ) ಗುಂಡಿಯಿಂದ ಹೊಂದಿಸಿ, ದಿನಕ್ಕೆ ಹತ್ತು ನಿಮಿಷ ಬರೀ ಷಡ್ಜ ಹಿಡಿಸಿ. ಒಂದು ಕಿವಿಯನ್ನು ಬೆರಳಿನಿಂದ ಅರೆಮುಚ್ಚಿಕೊಂಡರೆ ತನ್ನ ದನಿ ತನಗೆ ಕೇಳುತ್ತದೆ. ಗಮಕ, ಅಂದರೆ ಸ್ವರವನ್ನು ತೂಗಾಡಿಸುವುದು, ಆಮೇಲೆ. ತೂಗಾಡುವ ರಿಷಭವನ್ನು ಹಿಡಿಯುವ ಮೊದಲು ನಿಂತ ರಿಷಭ ಸಿಗಬೇಕು. ಎರಡು ಮೂರು ತಿಂಗಳಿನಲ್ಲಿ ಬದಲಾವಣೆ ಕಾಣದಿದ್ದರೆ ಧ್ವನಿತಜ್ಞರಿಗೆ ತೋರಿಸಿ. ದನಿಪಟ್ಟಿಯಲ್ಲಿ ಗಂಟು ಇದ್ದರೂ ಸ್ವರ ನಿಲ್ಲುವುದಿಲ್ಲ. ಮೈದಾನದಲ್ಲಿ ಕೂಗಾಡುವ ಮಕ್ಕಳಲ್ಲಿ ಅದು ಅಪರೂಪವೇನಲ್ಲ.

ತಿರುಗಣೆಯಲ್ಲೂ ಸೋತು, ಒಂದು ಎರಡು ಮನೆಯ ಅಂತರದಲ್ಲೂ ಅಂಕ ಹತ್ತಕ್ಕೆ ಐದಾರರ ಆಸುಪಾಸಿನಲ್ಲೇ ಇದ್ದರೆ ಅಮ್ಯೂಸಿಯಾ ಇರುವ ಸಾಧ್ಯತೆ ನಿಜ. ಇದಕ್ಕೆ ಬಳಸುವ ಮಾಂಟ್ರಿಯಲ್ ಪರೀಕ್ಷಾ ಸರಣಿಯಲ್ಲಿ ಸ್ವರಶ್ರೇಣಿ, ಮಟ್ಟಿನ ಏರಿಳಿತ, ಸ್ವರಾಂತರ, ಲಯ, ತಾಳದ ಗತಿ, ನೆನಪು ಎಂದು ಆರು ಭಾಗಗಳಿವೆ. ಮಕ್ಕಳಿಗಾಗಿ ಚಿಕ್ಕ ರೂಪವೂ 2013ರಲ್ಲಿ ಬಂದಿದೆ. ಅವುಗಳ ಮಟ್ಟುಗಳು ಪಾಶ್ಚಾತ್ಯ ಶೈಲಿಯವು, ಆದ್ದರಿಂದ ನಮ್ಮ ಮಕ್ಕಳ ಅಂಕವನ್ನು ಅಲ್ಲಿನ ಕಟ್‌ಆಫ್‌ಗೆ ಯಾಂತ್ರಿಕವಾಗಿ ಹೋಲಿಸಬಾರದು. ಸ್ವರದ ಮೂರು ಭಾಗಗಳು ಕೆಳಗಿದ್ದು ಲಯದ ಭಾಗ ಮೇಲಿದೆಯೇ ಎಂಬ ವಿನ್ಯಾಸವೇ ಮುಖ್ಯ. ನಿಮ್ಮ ಮಗಳು ತಾಳ ತಪ್ಪುವುದಿಲ್ಲ ಎಂದಿದ್ದೀರಿ, ಅದು ಈ ವಿನ್ಯಾಸಕ್ಕೆ ಹೊಂದುತ್ತದೆ. ಸುಮ್ಮನೆ ಗಂಟಲು ಪಳಗದ ಮಗುವಿಗೂ ಹೊಂದುತ್ತದೆ.

ಓದಿನ ಚಿಂತೆ ಬಿಡಿ. ಅಮ್ಯೂಸಿಯಾಕ್ಕೂ ಬುದ್ಧಿಮಟ್ಟಕ್ಕೂ ಸಂಬಂಧವಿಲ್ಲ. ಡಿಸ್ಲೆಕ್ಸಿಯಾ (ಓದುವ, ಬರೆಯುವ ತೊಡಕು) ಇರುವವರಲ್ಲಿ ಇದು ತುಸು ಹೆಚ್ಚಾಗಿ ಕಂಡಿದೆ ನಿಜ, ಆದ್ದರಿಂದ ಅಕ್ಷರ ಕೂಡಿಸಿ ಓದಲು ಅವಳು ಒದ್ದಾಡುತ್ತಿದ್ದರೆ ಅದನ್ನು ಪ್ರತ್ಯೇಕವಾಗಿ ಪರೀಕ್ಷಿಸಿ. ಒದ್ದಾಡುತ್ತಿಲ್ಲವೆಂದರೆ ಹುಡುಕಿಕೊಂಡು ಹೋಗಬೇಡಿ. ಮಾತಿನ ವಿಷಯದಲ್ಲಿ ಕನ್ನಡದವರಿಗೆ ಒಂದು ಅನುಕೂಲವಿದೆ. ಚೀನಾದ ಮ್ಯಾಂಡರಿನ್‌ನಲ್ಲಿ ಸ್ವರ ಏರಿದರೆ ಇಳಿದರೆ ಪದದ ಅರ್ಥವೇ ಬೇರೆ. ನಮ್ಮಲ್ಲಿ "ಬಂದ" ಎನ್ನುವುದು "ಬಂದನಾ" ಆದರೆ ದನಿ ಏರಿಸದೆಯೂ ಪ್ರಶ್ನೆ ತಿಳಿಯುತ್ತದೆ. ದನಿಯಲ್ಲಿ ಅಡಗಿದ ಸಣ್ಣ ಸಿಡುಕನ್ನು, ಬೇಸರವನ್ನು ಗುರುತಿಸುವುದರಲ್ಲಿ ಅಮ್ಯೂಸಿಯಾ ಇರುವವರು ಸ್ವಲ್ಪ ಹಿಂದೆ ಎಂದು 2012ರ ಅಧ್ಯಯನವೊಂದು ತೋರಿಸಿದೆ. ಆದ್ದರಿಂದ ಕೋಪ ಬಂದರೆ ಮಾತಿನಲ್ಲೇ ಹೇಳಿ, ಕೊಂಕು ಬೇಡ.

ತರಬೇತಿಯಿಂದ ಸರಿಹೋಗುತ್ತದೆಯೇ? ಮನೆಯಲ್ಲಿ ಸದಾ ಹಾಡು ಹಾಕಿಡಿ ಎಂಬ ಸಲಹೆ ನಿಮಗೆ ಆಗಲೇ ಬಂದಿರುತ್ತದೆ. 10ರಿಂದ 13 ವರ್ಷದ ಅಮ್ಯೂಸಿಯಾ ಮಕ್ಕಳಿಗೆ ನಾಲ್ಕು ವಾರ ದಿನವೂ ಸಂಗೀತ ಕೇಳಿಸಿ ನೋಡಿದ್ದಾರೆ, ಏನೂ ಬದಲಾಗಲಿಲ್ಲ (2012). ಗಮನವಿಟ್ಟು ಸ್ವರ ಬೇರ್ಪಡಿಸುವ ಅಭ್ಯಾಸದ ಕಥೆ ಬೇರೆ. 2018ರ ಅಧ್ಯಯನದಲ್ಲಿ ನಾಲ್ಕು ಅವಧಿಗಳ ತರಬೇತಿಯ ನಂತರ 20 ವಯಸ್ಕರಲ್ಲಿ 11 ಮಂದಿ ಅಮ್ಯೂಸಿಯಾದ ಗಡಿಯಿಂದ ಹೊರಬಂದರು, ವರ್ಷದ ನಂತರ ಮತ್ತೆ ಬಂದವರಲ್ಲೂ ಸರಾಸರಿ ಸುಧಾರಣೆ ಉಳಿದಿತ್ತು. ಆದರೆ ಅದೇ ಅಧ್ಯಯನದಲ್ಲಿ ಸ್ವರಕ್ಕೆ ಸಂಬಂಧವೇ ಇಲ್ಲದ ಕೆಲಸದಲ್ಲಿ ಪಳಗಿದವರೂ ಸುಧಾರಿಸಿದರು! ಹಾಗಾಗಿ ತರಬೇತಿ ಗೆದ್ದಿತು ಎನ್ನುವುದಕ್ಕಿಂತ, ಒಂದು ದಿನದ ಒಂದು ಪರೀಕ್ಷೆಯನ್ನು ತೀರ್ಪು ಎಂದುಕೊಳ್ಳಬಾರದು ಎಂದು ನಾನು ಓದಿಕೊಳ್ಳುತ್ತೇನೆ. ಆರು ತಿಂಗಳು ಬಿಟ್ಟು ಇನ್ನೊಮ್ಮೆ ನೋಡಿ.

ಪಾಠ ಬಿಡಿಸುವ ವಿಚಾರವನ್ನು ಮಗಳನ್ನು ಕೇಳಿ ತೀರ್ಮಾನಿಸಿ. ಗಾಯನ ಅವಳಿಗೆ ಹಿಂಸೆಯಾಗಿದ್ದರೆ ಸಂಗೀತದ ಜೂನಿಯರ್ ಪರೀಕ್ಷೆಯ ಆಸೆಗೆ ಎಳೆಯಬೇಡಿ. ಲಯ ಗಟ್ಟಿಯಿದ್ದರೆ ಮೃದಂಗ, ಖಂಜಿರ, ಕೊನ್ನಕ್ಕೋಲು (ಬಾಯಲ್ಲೇ ಲಯದ ಸೊಲ್ಲು ಹೇಳುವ ಕಲೆ) ಇವೆ; ನಿಮ್ಮೂರಿನ ಕಡೆ ತಮಟೆ, ಪೂಜಾ ಕುಣಿತ ಕಲಿಸುವವರೂ ಸಿಗುತ್ತಾರೆ. ಮೃದಂಗದ ಬಲಭಾಗವನ್ನು ಷಡ್ಜಕ್ಕೆ ಸೇರಿಸಬೇಕಾಗುತ್ತದೆ, ಅದಕ್ಕೆ ಟ್ಯೂನರ್ ಆ್ಯಪ್ ಸಾಕು. ಸ್ವರವಾದ್ಯವೇ ಬೇಕೆಂದು ಹಟ ಹಿಡಿದರೆ ವೀಣೆ ಅಥವಾ ಕೀಬೋರ್ಡು. ವೀಣೆಯಲ್ಲಿ 24 ಮೆಟ್ಟಿಲು ಮೇಣದಲ್ಲಿ ಕೂತಿರುವುದರಿಂದ ಬೆರಳಿಟ್ಟಲ್ಲಿ ಸ್ವರ ಸಿಗುತ್ತದೆ. ತಂತಿ ಎಳೆದು ಗಮಕ ತೆಗೆಯುವ ಹಂತದಲ್ಲಿ ಮತ್ತೆ ಕಿವಿಯೇ ಬೇಕು, ಅಲ್ಲಿ ಅವಳು ನಿಲ್ಲಬಹುದು ಎಂದು ಗುರುಗಳಿಗೆ ಮೊದಲೇ ತಿಳಿಸಿ. ಪಿಟೀಲು ಬೇಡವೇ ಬೇಡ. ಅದರಲ್ಲಿ ಬೆರಳಿಗೆ ಗುರುತಿಲ್ಲ, ಎಲ್ಲವೂ ಕಿವಿಯ ಮೇಲೆ ನಿಂತಿದೆ. ಕೊಳಲಿನಲ್ಲೂ ಊದುವ ಬಿಗಿಯಿಂದ ಸ್ವರ ಜಾರುತ್ತದೆ.

ಮಗನ ವಿಷಯ. ಅಮ್ಯೂಸಿಯಾ ಇರುವವರ ಕುಟುಂಬಗಳನ್ನು 2007ರಲ್ಲಿ ಪರೀಕ್ಷಿಸಿದಾಗ ತಂದೆತಾಯಿ, ಮಕ್ಕಳು, ಒಡಹುಟ್ಟಿದವರಲ್ಲಿ ನೂರಕ್ಕೆ 39 ಮಂದಿಗೆ ಅದೇ ತೊಂದರೆ ಇತ್ತು. ಇತರ ಕುಟುಂಬಗಳಲ್ಲಿ ನೂರಕ್ಕೆ 3. ನಿಮ್ಮ ಯಜಮಾನರಿಗೆ ಇದೆ ಎಂದು ಖಚಿತವಾದರೆ ಮಾತ್ರ ಈ ಅಂಕಿ ನಿಮಗೆ ಲೆಕ್ಕಕ್ಕೆ ಬರುತ್ತದೆ, ಆಗಲೂ ಬರದಿರುವ ಸಾಧ್ಯತೆಯೇ ಹೆಚ್ಚು. ನಾಲ್ಕು ವರ್ಷದ ಹುಡುಗ ಅಪಶ್ರುತಿಯಲ್ಲಿ ಹಾಡುವುದು ವಯಸ್ಸಿನ ಸಹಜ. ಮಕ್ಕಳ ಪರೀಕ್ಷೆಯನ್ನು ರೂಪಿಸಿರುವುದೇ ಆರು ವರ್ಷದಿಂದ ಮೇಲಿನವರಿಗೆ. ಅಲ್ಲಿಯವರೆಗೆ ಅವನನ್ನು ಕೀಬೋರ್ಡಿನ ಮುಂದೆ ಕೂರಿಸಿ ಪ್ರಶ್ನೆ ಕೇಳುವ ಅಗತ್ಯವಿಲ್ಲ. ನೆಗಡಿ ಹೆಚ್ಚಾಗಿ ಆಗುತ್ತಿದ್ದರೆ ಅಕ್ಕನ ಜೊತೆಗೆ ಅವನ ಕಿವಿಯನ್ನೂ ಒಮ್ಮೆ ತೋರಿಸಿಕೊಂಡು ಬನ್ನಿ.